ನಾಲ್ಕುನೂರ ಹನ್ನೆರಡು ಕಿಲೊ

ಗುಜರಿಯವನ ತಕ್ಕಡಿಯ ಮುಳ್ಳು ನಿಂತದ್ದು ಅಲ್ಲಿಗೆ.
ರೈಲಿನ ಸ್ಪ್ರಿಂಗು ಎರಡು, ಗ್ಯಾಸಿನ ಸಿಲಿಂಡರು ಮೂರು,
ರೋಲಿಂಗ್ ಮಿಲ್ಲಿನ ಹಲ್ಲಿನ ಚಕ್ರ ಒಂದು,
ಅಪ್ಪ ಪಾಳಿ ಮುಗಿಸಿ ಹೊತ್ತು ತಂದ ಲಾಕರಿನ ಬಾಗಿಲು.
ಹದಿನೇಳು ವರ್ಷ ನಾನು ಬಡಿದದ್ದೆಲ್ಲ
ಕಿಲೊಗೆ ನಾಲ್ಕು ಕೊರುನಾದ ಲೆಕ್ಕದಲ್ಲಿ ಹೋಯಿತು.
ರಸೀದಿ ಕೊಟ್ಟ. ಮಡಚಿ ಜೇಬಿಗಿಟ್ಟೆ.

ನಮ್ಮ ತಂಡದ ಹೆಸರು ಸ್ತ್ರೂಸ್ಕಾ. ಅಂದರೆ ಕಿಟ್ಟ.
ಒಸ್ತ್ರಾವಾದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ:
ಊರಂಚಿಗೆ ಸುರಿದ ಕಿಟ್ಟ ರಾತ್ರಿ ಕೆಂಪಗೆ ಹರಿಯುತ್ತಿತ್ತು,
ಆ ಬೆಳಕಲ್ಲಿ ಅಮ್ಮ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು.

ಗಿಟಾರಿಗೆ ಓಟಕರ್, ಬೇಸಿಗೆ ದ್ರಾಹೋಶ್,
ಕೂಗಲಿಕ್ಕೆ ಯಾರ್ಮಿಲಾ
(ಹಾಡಲಿಕ್ಕೆ ಅಂದರೆ ಅವಳಿಗೆ ಸಿಟ್ಟು),
ಕಬ್ಬಿಣಕ್ಕೆ ನಾನು.
ಕಾರ್ಖಾನೆ ಮೂರು ಪಾಳಿಯಲ್ಲಿ ಬಡಿದುಕೊಳ್ಳುತ್ತಿತ್ತು,
ನಾವು ನಾಲ್ಕನೆಯ ಪಾಳಿ.
ಅದಕ್ಕಿಂತ ಜೋರಾಗಿರದಿದ್ದರೆ ನಮ್ಮನ್ನು ಯಾರು ಕೇಳಬೇಕು?

ಆಮೇಲೆ ಕುಲುಮೆ ಆರಿತು.
ಒಂದು ತಿಂಗಳು ಊರಿಗೆ ನಿದ್ದೆ ಬರಲಿಲ್ಲ, ಸದ್ದಿಲ್ಲದೆ.
ಹಕ್ಕಿ ಕೂಗುವುದು ಕೇಳಿಸಿ ಅಪ್ಪ ಕಿಟಕಿ ಮುಚ್ಚಿದ.
ಶೆಡ್ಡಿನಲ್ಲಿ ನಾವು ಮೊದಲಿನ ಹಾಗೆಯೇ ಬಡಿದೆವು,
ಎದುರಾಳಿ ಎದ್ದು ಹೋದ ಮೇಲೂ
ಜಟ್ಟಿ ತೊಡೆ ತಟ್ಟಿದ ಹಾಗೆ.
ಮೊದಲು ಅದನ್ನು ಕೇಳಿಸಿಕೊಂಡವನು ಓಟಕರ್.
ಗಿಟಾರು ಗೋಡೆಗೆ ಒರಗಿಸಿ,
"ಇಷ್ಟು ಮೌನ ಬಿದ್ದಿದೆಯಲ್ಲ, ಇದಕ್ಕೇನಾದರೂ ಮಾಡಬೇಡವೆ?" ಅಂದ.

ಗಿಟಾರು ಮಾರಿದ ದುಡ್ಡಲ್ಲಿ ಬಂದದ್ದು ಒಂದು ಸ್ಯಾಂಪ್ಲರ್,
ಬೂದು ಬಣ್ಣ, ಒಂದು ಬ್ರೆಡ್ಡಿನಷ್ಟು ಗಾತ್ರ.
ಫೆಬ್ರುವರಿಯ ರಾತ್ರಿ ಹೀಟರು ಆರಿಸಿದ, ಅದರ ಗುಂಯ್ ಬೇಡವೆಂದು.
ಒಂದೊಂದು ಕಬ್ಬಿಣವನ್ನೂ ನನ್ನಿಂದ ಹೊಡೆಸಿದ.
ಮೆಲ್ಲಗೆ. ಇನ್ನಷ್ಟು. ಜೋರಾಗಿ. ಈಗ ಸಿಟ್ಟು ಬಂದವನ ಹಾಗೆ.
ಹಾಗೆ ಯಾಕೆ, ಬಂದೇ ಇತ್ತು.
ಹೊಡೆದು, ಸದ್ದು ಪೂರ್ತಿ ಸಾಯುವ ತನಕ ಉಸಿರು ಹಿಡಿದು ನಿಲ್ಲಬೇಕು.
ದೊಡ್ಡ ಚಕ್ರ ಸಾಯಲಿಕ್ಕೆ ಹನ್ನೊಂದು ಸೆಕೆಂಡು ತೆಗೆದುಕೊಂಡಿತು.
ಹದಿನೇಳು ವರ್ಷದಲ್ಲಿ ಅದರ ಕೊನೆ ನಾನು ಕೇಳಿರಲೇ ಇಲ್ಲ;
ಅಷ್ಟರಲ್ಲಿ ಇನ್ನೊಂದು ಏಟು ಹಾಕಿರುತ್ತಿದ್ದೆ.

ಬ್ರನೊದಲ್ಲಿ ಬಾಟಲಿ ತೂರಿದರು.
"ಕಬ್ಬಿಣ ಎಲ್ಲಿ?" ಎಂದು ಕೂಗಿದವನ ತೋಳಿನ ಮೇಲೆ
ನಮ್ಮ ಮೊದಲ ರೆಕಾರ್ಡಿನ ಹಚ್ಚೆ.
ಏನು ಹೇಳಲಿ? ಪೆಟ್ಟಿಗೆ ತೋರಿಸಿದೆ.
ಅತ್ತುಬಿಟ್ಟ. ಕುಡಿದಿದ್ದ, ನಿಜ.
ದ್ರಾಹೋಶ್ ಆ ರಾತ್ರಿಯೇ ತಂಡ ಬಿಟ್ಟ.
ಈಗ ಒಲೊಮೋತ್ಸಿನಲ್ಲಿ ಟ್ರಾಮ್ ಓಡಿಸುತ್ತಾನೆ,
ತಿರುವಿನಲ್ಲಿ ಹಳಿ ಕಿರುಚಿದರೆ ಸಾಕು, ನನಗೆ ಫೋನು.

ಯಾರ್ಮಿಲಾ ಕೂಗುವುದು ಬಿಟ್ಟಳು. ಮೈಕಿಗೆ ತುಟಿ ತಾಗಿಸಿ
ಹಳೆಯ ಪಾಳಿಗಳ ಪಟ್ಟಿ ಓದುತ್ತಾಳೆ, ಪಿಸುಮಾತಿನಲ್ಲಿ,
ನಡುವೆ ಅವಳ ಅಜ್ಜನ ಹೆಸರೂ ಬರುತ್ತದೆ.
ಕೆಳಗೆ ಒಂದೇ ಸಮನೆ ಮಂದ್ರದ ಅಲೆ;
ಮೊದಲು ಎದೆಗೂಡಿಗೆ ಗೊತ್ತಾಗುತ್ತದೆ, ಕಿವಿಗೆ ಆಮೇಲೆ.
ಕುಲುಮೆ ಉರಿದದ್ದನ್ನು ನೋಡದ ಹುಡುಗರು ಕುಣಿಯುತ್ತಾರೆ,
ಅದೇ ಕಾರ್ಖಾನೆಯೊಳಗೆ. ಅದೀಗ ಸಭಾಂಗಣ, ಟಿಕೆಟ್ಟಿದೆ.
ಅಪ್ಪ ಬರಲೊಲ್ಲ:
"ಸಂಬಳ ತಗೊಂಡು ಹೋಗ್ತಿದ್ದ ಜಾಗಕ್ಕೆ
ದುಡ್ಡು ಕೊಟ್ಟು ಹೋಗಲೆ?"

ನನ್ನ ಕೈಗೀಗ ಒಂದೇ ಗುಂಡಿ.
ಎಡಕ್ಕೆ ತಿರುಗಿಸಿದರೆ ಸದ್ದು ಕಂಬಳಿ ಹೊದೆಯುತ್ತದೆ,
ಬಲಕ್ಕೆ ತಿರುಗಿಸಿದರೆ ಕಂಬಳಿ ಜಾರುತ್ತದೆ.
ಸುತ್ತಿಗೆ ಹಿಡಿದ ಬೆರಳಿಗೆ ಇದೇ ಕಬ್ಬಿಣದ ಕಡಲೆ:
ಕೂದಲೆಳೆಯಷ್ಟು ಅಂದರೆ ಗೇಣುದ್ದ ತಿರುಗುತ್ತದೆ.
ಓಟಕರ್ ನಗುತ್ತಾನೆ. ನಾನು ಮತ್ತೆ.

ನಿನ್ನೆ ಅಭ್ಯಾಸ ಮುಗಿಸಿ ಹೆಡ್‌ಫೋನಿನಲ್ಲಿ ಕೇಳುತ್ತಿದ್ದೆ.
ಚಕ್ರದ ಏಟಿಗೆ ತುಸು ಮುಂಚೆ, ಪ್ರತಿ ಸಲವೂ,
ಯಾರೋ ಉಸಿರೆಳೆದುಕೊಳ್ಳುತ್ತಾರೆ.
ಕತ್ತರಿಸಲು ಮರೆತೆಯಾ, ಕೇಳಿದೆ.
ತಂತಿ ಸುತ್ತುತ್ತಿದ್ದವನು ತಲೆಯೆತ್ತಲಿಲ್ಲ.
"ಎರಡು ಸಲ ಕತ್ತರಿಸಿದೆ. ಯಾವುದೋ ಚಕ್ರದ ಹಾಗೆ ಕೇಳಿಸಿತು."

ಹೊರಗೆ ಮಂಜು. ಕೊನೆಯ ಟ್ರಾಮ್ ತಪ್ಪಿತ್ತು.
ನದಿಯ ಪಕ್ಕದ ದಾರಿಯುದ್ದಕ್ಕೂ
ನನ್ನ ಉಸಿರು ನನಗೆ ಕೇಳಿಸದ ಹಾಗೆ ನಡೆಯಲು ನೋಡಿದೆ,
ಆಗಲಿಲ್ಲ.